ನಾಬೋತನೇ ತೋಟವನ್ನು ಮಾರಿದರೆ?



ಹೊಸ ಮನೆಗಳನ್ನು ಆಶೀರ್ವದಿಸುವುದು ಧರ್ಮಕೇಂದ್ರದ ಗುರುಗಳಿಗೆ ಒದಗಿಬರುವ ಸಂತೋಷದ ಕೆಲಸಗಳಲ್ಲೊಂದು. ಪವಿತ್ರ ಜಲವನ್ನು ಪ್ರೋಕ್ಷಿಸಿ, ಕೋಣೆಕೋಣೆಗೂ ಹೋಗಿ ಪ್ರಾರ್ಥಿಸಿ, ಮನೆಯವರೊಂದಿಗೆ ಊಟ ಮುಗಿಸಿ ಹಿಂದಿರುಗುವಾಗ ಮನಸ್ಸು ಹಗುರವಾಗಿರುತ್ತದೆ. ಆದರೆ ಕೆಲವು ವರ್ಷಗಳ ಹಿಂದೆ ದಾಂಡೇಲಿಯ ಹೊರವಲಯದಲ್ಲಿ ಇಂಥ ಒಂದು ಆಶೀರ್ವಾದವನ್ನು ಮುಗಿಸಿ ನಾನು ಭಾರವಾದ ಮನಸ್ಸಿನಿಂದ ಮರಳಿದೆ. ಎರಡಂತಸ್ತಿನ ಮನೆ, ಹೊಳೆಯುವ ಟೈಲ್ಸ್, ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ದೊಡ್ಡ ಚಿತ್ರ. ಹಿಂಬದಿಯ ಕೋಣೆಯ ಕಿಟಕಿಯನ್ನು ತೆರೆದಾಗ ಕಂಡದ್ದು ಬೇರೊಬ್ಬರ ಕಾಂಪೌಂಡ್ ಗೋಡೆ, ಅದರಾಚೆಗೆ ನೀಲಿ ಈಜುಕೊಳ. ಮೂರು ಎಕರೆ ಭತ್ತದ ಗದ್ದೆಯಿದ್ದ ಜಾಗವದು. ಗದ್ದೆಯನ್ನು ಮಾರಿದ ಹಣದಲ್ಲಿ ಈ ಮನೆ ಎದ್ದಿತ್ತು. ಹಿರಿಯ ಮಗನಿಗೆ ಗೋಡೆಯಾಚೆಯ ರೆಸಾರ್ಟಿನಲ್ಲಿಯೇ ಕೆಲಸ ಸಿಕ್ಕಿದೆಯೆಂದು ತಾಯಿ ಹೆಮ್ಮೆಯಿಂದ ಹೇಳಿದರು. ಏನು ಕೆಲಸವೆಂದು ಕೇಳಿದೆ. ಅತಿಥಿಗಳು ಏಳುವ ಮೊದಲು ಈಜುಕೊಳವನ್ನು ಶುಚಿಗೊಳಿಸುವುದು.

ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ನಜರೇತಿನ ಬಡಗಿಯನ್ನು ಆರಾಧಿಸುವವರು ಯಾವ ದುಡಿಮೆಯನ್ನೂ ಕೀಳೆನ್ನಲಾಗದು. ಆದರೆ ತಂದೆಯ ಗದ್ದೆಯಿದ್ದ ಜಾಗದಲ್ಲಿಯೇ ಮಗ ತಿಂಗಳ ಸಂಬಳದ ಆಳಾಗಿ ನಿಂತಿರುವುದನ್ನು ನಾವು 'ಅಭಿವೃದ್ಧಿ'ಯೆಂದು ಕರೆಯುತ್ತಿದ್ದೇವಲ್ಲ, ಆ ಮಾತಿನ ಮೇಲೆ ನನ್ನ ತಕರಾರಿದೆ.

ಪವಿತ್ರ ಬೈಬಲ್ಲಿನ ಅರಸುಗಳ ಮೊದಲನೆಯ ಗ್ರಂಥದಲ್ಲಿ ಬರುವ ನಾಬೋತನ ಕಥೆಯನ್ನು ನೀವು ಬಲ್ಲಿರಿ. ಅರಮನೆಯ ಪಕ್ಕದ ದ್ರಾಕ್ಷಿತೋಟದ ಮೇಲೆ ಅಹಾಬ ರಾಜನ ಕಣ್ಣು ಬಿದ್ದಿತು. ಅವನು ಮೊದಲಿಗೆ ಬಲಾತ್ಕಾರ ಮಾಡಲಿಲ್ಲವೆಂಬುದನ್ನು ಗಮನಿಸಿ. ಇದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ, ಬೇಡವಾದರೆ ನ್ಯಾಯವಾದ ಬೆಲೆ ಕೊಡುತ್ತೇನೆ ಎಂದ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಮಾರುಕಟ್ಟೆ ದರದ ಪ್ರಸ್ತಾಪ. ಪಿತೃಗಳಿಂದ ಬಂದ ಸ್ವಾಸ್ತ್ಯವನ್ನು ಕೊಡಲಾರೆನೆಂದು ನಾಬೋತ ನಿರಾಕರಿಸಿದ. ಅದಕ್ಕಾಗಿ ಪ್ರಾಣವನ್ನೇ ತೆತ್ತ. ನಮ್ಮ ಸೀಮೆಯಲ್ಲಿ ಅಹಾಬನಿಗೆ ಈಗ ಈಜೆಬೆಲಳ ನೆರವು ಬೇಕಾಗಿಲ್ಲ. ನಾಬೋತನೇ ಪಹಣಿಯ ಪ್ರತಿಯನ್ನು ಹಿಡಿದು ಉಪನೋಂದಣಿ ಕಚೇರಿಯ ಮುಂದೆ ಸರದಿಯಲ್ಲಿ ನಿಂತಿದ್ದಾನೆ.

ಈ ಪಹಣಿಯಲ್ಲಿ ನಮ್ಮ ಅಜ್ಜಂದಿರ ಹೆಸರು ಸೇರಿದ್ದು ಹೇಗೆಂಬುದನ್ನು ಇಂದಿನ ಮಕ್ಕಳಿಗೆ ಯಾರೂ ಹೇಳುತ್ತಿಲ್ಲ. ಹಳಿಯಾಳ, ಮುಂಡಗೋಡ ಭಾಗಗಳ ಎಷ್ಟೋ ಕುಟುಂಬಗಳು ಗೇಣಿದಾರರಾಗಿದ್ದವು. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣಾ ತಿದ್ದುಪಡಿಯ ನಂತರ, 'ಉಳುವವನೇ ಒಡೆಯ'ನೆಂಬ ಘೋಷಣೆ ಕಾಯಿದೆಯಾಯಿತು. ಓದು ಬರಹ ಬಾರದ ಹಿರಿಯರು ಯಾರಿಂದಲೋ ನಮೂನೆ 7ನ್ನು ತುಂಬಿಸಿಕೊಂಡು, ಭೂನ್ಯಾಯಮಂಡಳಿಯ ಮುಂದೆ ದಿನಗೂಲಿ ಬಿಟ್ಟು ಕುಳಿತು, ಗೇಣಿಯ ಭೂಮಿಯನ್ನು ಸ್ವಂತದ್ದಾಗಿ ಮಾಡಿಕೊಂಡರು. ಆ ಭೂಮಿ ಕೃಷಿಕರಲ್ಲದವರ ಕೈಸೇರದಂತೆ ಕಾಯಲು ಅದೇ ಭೂಸುಧಾರಣಾ ಕಾಯಿದೆಯಲ್ಲಿ 79-ಎ, 79-ಬಿ ಎಂಬ ಕಲಮುಗಳಿದ್ದವು. 2020ರಲ್ಲಿ ಅವುಗಳನ್ನು ತೆಗೆದುಹಾಕಲಾಯಿತು. ಈಗ ಬೆಂಗಳೂರಿನ ಉದ್ಯಮಿ ಜೋಯಿಡಾದ ಗದ್ದೆಯನ್ನು ಕೊಳ್ಳಲು ರೈತನಾಗಿರಬೇಕಾಗಿಲ್ಲ. ಬೇಲಿ ಬಿದ್ದುಹೋಗಿದೆ, ಇನ್ನುಳಿದಿರುವ ಬೇಲಿಯೆಂದರೆ ಮನೆಯ ಯಜಮಾನನ 'ಇಲ್ಲ' ಎಂಬ ಒಂದು ಮಾತು. ಆ ಮಾತನ್ನು ಹೇಳಿರೆಂದು ಕೇಳುವುದಕ್ಕಾಗಿಯೇ ಈ ಬರಹ.

ಅಭಿವೃದ್ಧಿಯ ಹೆಸರಿನಲ್ಲಿ ಈ ನಾಡಿಗೆ ಬಂದ ಅತಿಥಿಗಳಲ್ಲಿ ರೆಸಾರ್ಟು ಮೊದಲನೆಯದಲ್ಲ. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆ ಬಂದಿತು. ಸಾವಿರಾರು ಮನೆಗಳ ಒಲೆ ಅದರಿಂದ ಉರಿದಿದೆ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳು ಆ ಸಂಬಳದಿಂದ ಮಕ್ಕಳನ್ನು ಓದಿಸಿವೆ. ಅದನ್ನು ಮರೆಯುವುದು ಕೃತಘ್ನತೆ. ಆದರೆ ಲೆಕ್ಕದ ಇನ್ನೊಂದು ಪುಟವೂ ಇದೆ. ಕಾರ್ಖಾನೆಗೆ ಈ ಕಾಡಿನ ಬಿದಿರನ್ನು ಟನ್ನಿಗೆ 1 ರೂಪಾಯಿ 50 ಪೈಸೆಯಂತೆ ಕೊಡಲಾಗಿತ್ತೆಂಬುದನ್ನು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ. ಬುಟ್ಟಿ ಹೆಣೆಯುವ ಮೇದಾರನಿಗೆ ಆ ದರ ಯಾವ ಸಂತೆಯಲ್ಲಿಯೂ ಸಿಗಲಿಲ್ಲ. ಕಾಡಿನ ಬಿದಿರು ಬರಿದಾದಾಗ ಕಾರ್ಖಾನೆ ದೂರದ ಊರುಗಳಿಂದ ಕಚ್ಚಾವಸ್ತು ತರಿಸಿಕೊಂಡಿತು. ಮೇದಾರನಿಗೆ ದೂರದ ಊರು ಎಲ್ಲಿದೆ? ದಾಂಡೇಲಿಯ ಪ್ಲೈವುಡ್ ಕಾರ್ಖಾನೆ ಮತ್ತು ಫೆರೋ ಅಲಾಯ್ ಕಾರ್ಖಾನೆಗಳಂತೂ ಬಾಗಿಲು ಮುಚ್ಚಿಯೇ ಹೋದವು. 2001ರ ಜನಗಣತಿಯಲ್ಲಿ ಸುಮಾರು 53 ಸಾವಿರವಿದ್ದ ದಾಂಡೇಲಿಯ ಜನಸಂಖ್ಯೆ 2011ರಲ್ಲಿ 52 ಸಾವಿರಕ್ಕೆ ಇಳಿದಿತ್ತು. 'ಬೆಳೆಯುತ್ತಿರುವ ನಗರ'ವೆಂದು ನಾವು ಭಾಷಣ ಮಾಡುತ್ತಿದ್ದ ಆ ಹತ್ತು ವರ್ಷಗಳಲ್ಲಿ ನಮ್ಮ ಯುವಕರು ಗೋವೆಯ ಬಸ್ಸು ಹತ್ತುತ್ತಿದ್ದರು.

ಅನಂತರದ ಅತಿಥಿ ಅಣೆಕಟ್ಟು. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟುವ ಕಾಳಿಗೆ ಸೂಪಾದಲ್ಲಿ 101 ಮೀಟರ್ ಎತ್ತರದ ಅಡ್ಡಗೋಡೆ ಎದ್ದು 1980ರ ದಶಕದಲ್ಲಿ ಪೂರ್ಣಗೊಂಡಿತು. ತಾಲ್ಲೂಕು ಕೇಂದ್ರವೇ ನೀರಿನಲ್ಲಿ ಮುಳುಗಿದ್ದರಿಂದ ಕಚೇರಿಗಳು ಜೋಯಿಡಾಕ್ಕೆ ಹೋದವು. ಜನ ರಾಮನಗರಕ್ಕೆ ಹೋದರು. ನಾಡಿಗೆಲ್ಲ ಬೆಳಕು ಕೊಡಲು ಮನೆಮಠ ಬಿಟ್ಟವರು ಕುಡಿಯುವ ನೀರಿಗಾಗಿ, ತಾವು ಕುಳಿತ ನೆಲದ ಕಾಗದಕ್ಕಾಗಿ ದಶಕಗಳ ಕಾಲ ಅರ್ಜಿ ಹಿಡಿದು ಅಲೆದರು. ಇಂದು ಗಣೇಶಗುಡಿಯಲ್ಲಿ ಪ್ರವಾಸಿಗರು ತೇಲುವ ರಾಫ್ಟು ಹರಿಯುವುದು ಅದೇ ಅಣೆಕಟ್ಟಿನ ವಿದ್ಯುದಾಗಾರದಿಂದ ಬಿಡುವ ನೀರಿನ ಮೇಲೆ. ಆ ನೀರಿನಡಿಯಲ್ಲಿ ಯಾರದೋ ಅಂಗಳವಿದೆಯೆಂಬುದು ಅವರಿಗೆ ತಿಳಿಯದು. ಅವರನ್ನು ನಾನು ದೂರುವುದಿಲ್ಲ, ತಿಳಿದಿರಬೇಕಾದವರು ನಾವು.

ನನ್ನ ಮಾತನ್ನು ಕೇಳಿದ ಕೆಲವು ಯುವಕರು ಸಿಟ್ಟಾಗಿದ್ದಾರೆ. "ಫಾದರ್, ಎರಡೆಕರೆ ಗದ್ದೆಯಲ್ಲಿ ಏನು ಹುಟ್ಟುತ್ತದೆ? ಕಾಡುಹಂದಿ ತಿಂದು ಬಿಟ್ಟದ್ದು ನಮಗೆ. ತಂಗಿಯ ಮದುವೆಗೆ, ಅಪ್ಪನ ಆಪರೇಷನ್ನಿಗೆ ಹಣ ನೀವು ಕೊಡುತ್ತೀರಾ?" ಎಂದು ಒಬ್ಬ ನೇರವಾಗಿಯೇ ಕೇಳಿದ. ಉತ್ತರ ನನ್ನ ಬಳಿ ಇರಲಿಲ್ಲ. ಆಸ್ಪತ್ರೆಯ ಬಿಲ್ಲಿಗಾಗಿ ಭೂಮಿ ಮಾರಿದವನನ್ನು ಖಂಡಿಸುವ ಅಧಿಕಾರ ಯಾವ ಗುರುವಿಗೂ ಇಲ್ಲ. ಅಂಥವನ ವಿಷಯವಲ್ಲ ನಾನು ಹೇಳುತ್ತಿರುವುದು. ಕಾರಿಗಾಗಿ, ನೆರೆಮನೆಗಿಂತ ಒಂದು ಅಂತಸ್ತು ಹೆಚ್ಚಿನ ಮನೆಗಾಗಿ, ಐನೂರು ಎಲೆಯ ಬದಲು ಎರಡು ಸಾವಿರ ಎಲೆಯ ಮದುವೆಗಾಗಿ ಮಾರಿದವರನ್ನು ನೋಡಿದ್ದೇನೆ. ಮೂರು ವರ್ಷದಲ್ಲಿ ಹಣ ಮುಗಿಯುತ್ತದೆ. ಕಾಡುಹಂದಿಯಾದರೂ ಗದ್ದೆಯನ್ನು ಬಿಟ್ಟುಹೋಗುತ್ತದೆ.

ಉದ್ಯೋಗದ ವಾದವನ್ನೂ ತೂಗಿ ನೋಡೋಣ. ಪ್ರವಾಸೋದ್ಯಮ ನಮ್ಮ ಮಕ್ಕಳಿಗೆ ದುಡಿಮೆ ಕೊಟ್ಟಿದೆ, ನಿಜ. 2020ರಲ್ಲಿ ಕೊರೋನಾ ಬಂದಾಗ ಆ ದುಡಿಮೆ ಒಂದೇ ವಾರದಲ್ಲಿ ನಿಂತಿತು. 2022ರ ಏಪ್ರಿಲ್‌ನಲ್ಲಿ ಗಣೇಶಗುಡಿಯ ಬಳಿ ಮಿತಿಮೀರಿ ಜನರನ್ನು ಹೊತ್ತ ರಾಫ್ಟೊಂದು ಅಪಾಯಕ್ಕೆ ಸಿಲುಕಿದಾಗ ಜಲಕ್ರೀಡೆಗಳನ್ನು ನಿಲ್ಲಿಸಲಾಯಿತು. ಹುಟ್ಟು ಹಾಕುತ್ತಿದ್ದ ಹುಡುಗರು ಮನೆಯಲ್ಲಿ ಕುಳಿತರು. ಅಂಥ ದಿನಗಳಲ್ಲಿ ಗದ್ದೆಯಿದ್ದವನು ಉಂಡ. ಇಲ್ಲದವನು ರೇಷನ್ ಅಂಗಡಿಯ ಮುಂದೆ ನಿಂತ. ಇಲ್ಲಿ ಒಂದು ವಿಷಯ ಹೇಳಲೇಬೇಕು: ತಮ್ಮ ಮನೆಯಲ್ಲಿಯೇ ಎರಡು ಕೋಣೆ ಸಿದ್ಧಪಡಿಸಿ, ತಮ್ಮದೇ ಅಕ್ಕಿ, ತಮ್ಮದೇ ಗೆಣಸನ್ನು ಬೇಯಿಸಿ ಬಡಿಸಿ ಅತಿಥಿಗಳನ್ನು ಸತ್ಕರಿಸುವ ಕುಟುಂಬಗಳೂ ಜೋಯಿಡಾದಲ್ಲಿವೆ. ಅಲ್ಲಿಯ ಕುಣಬಿಗಳು ಗೆಡ್ಡೆಗೆಣಸಿನ ಮೇಳವನ್ನು ನಡೆಸಿ ಹೊರಗಿನ ಜಗತ್ತನ್ನು ತಮ್ಮ ಬಳಿಗೆ ಕರೆಯುತ್ತಾರೆ. ಅವರು ಬೆಳೆಯನ್ನು ಮಾರುತ್ತಾರೆ, ನೆಲವನ್ನಲ್ಲ.

ಮಾರಲಾಗದ ಭೂಮಿ ಹಿಂದುಳಿದಿರುವಿಕೆಯ ಗುರುತೆಂದು ದಲ್ಲಾಳಿಗಳು ನಮ್ಮನ್ನು ನಂಬಿಸಿದ್ದಾರೆ. ಮುಂಡಗೋಡಕ್ಕೆ ಹೋಗಿ ನೋಡಿ. 1966ರಲ್ಲಿ ನಿರಾಶ್ರಿತರಾಗಿ ಬಂದ ಟಿಬೆಟನ್ನರಿಗೆ ಸುಮಾರು 4000 ಎಕರೆ ನೆಲ ಸಿಕ್ಕಿತು. ಅದು ಗುತ್ತಿಗೆಯ ನೆಲ, ಮಾರುವ ಹಕ್ಕು ಅವರಿಗಿಲ್ಲ. ಆ ಮಾರಲಾಗದ ನೆಲದ ಮೇಲೆ ಸಹಕಾರ ಸಂಘ, ಶಾಲೆ, ಆಸ್ಪತ್ರೆ, ದೇಶವಿದೇಶಗಳ ವಿದ್ಯಾರ್ಥಿಗಳು ಬರುವ ಮಠಗಳು ಬೆಳೆದಿವೆ. ಹೊರದೇಶದ ನೆರವು ಅವರಿಗೆ ಬಂದಿತು, ಒಪ್ಪುತ್ತೇನೆ. ಆದರೆ ನೆಲ ಚೂರುಚೂರಾಗಿ ಕೈಬಿಟ್ಟು ಹೋಗಿದ್ದರೆ ಆ ನೆರವು ಯಾವುದರ ಮೇಲೆ ನಿಲ್ಲಬೇಕಿತ್ತು?

ಅದೇ ತಾಲ್ಲೂಕಿನಲ್ಲಿ ಮತ್ತು ಹಳಿಯಾಳದಲ್ಲಿ ನಮ್ಮ ಸಿದ್ದಿ ಸಹೋದರ ಸಹೋದರಿಯರು ತಲೆಮಾರುಗಳಿಂದ ಕಾಡಿನಂಚಿನಲ್ಲಿ ಉಳುತ್ತಿದ್ದಾರೆ. ಭಾನುವಾರದ ಬಲಿಪೂಜೆಯಲ್ಲಿ ನಮ್ಮ ಪಕ್ಕದಲ್ಲಿಯೇ ಮೊಣಕಾಲೂರುವವರು ಅವರು. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟು, ಗೋವೆಯಿಂದ ತಪ್ಪಿಸಿಕೊಂಡು ಬಂದು ಈ ಕಾಡಿನಲ್ಲಿ ನೆಲೆ ಕಂಡವರ ಸಂತತಿ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅರಣ್ಯ ಹಕ್ಕು ಕಾಯಿದೆ 2006ರಲ್ಲಿ ಬಂದಿತು. 2005ರ ಡಿಸೆಂಬರ್ 13ಕ್ಕಿಂತ ಮೊದಲು ಸಾಗುವಳಿ ಮಾಡುತ್ತಿದ್ದ ಬುಡಕಟ್ಟು ಕುಟುಂಬಕ್ಕೆ ಹಕ್ಕುಪತ್ರ ಸಿಗಬೇಕು. ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು ಮಾತ್ರ ಅದಕ್ಕೂ ಹಿಂದಿನ 75 ವರ್ಷಗಳ ವಾಸವನ್ನು ರುಜುವಾತುಪಡಿಸಬೇಕು. ಜೋಯಿಡಾದ ಕುಣಬಿ ಈ ಎರಡನೆಯ ಸಾಲಿನಲ್ಲಿ ನಿಂತಿದ್ದಾನೆ. ಗಡಿಯಾಚೆ ಗೋವೆಯ ಕುಣಬಿಗೆ ಅದೇ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು; ಈಚೆಗೆ ಉಳಿದವನು ಮಾತ್ರ ಮುತ್ತಜ್ಜನ ಕಾಲದ ಕಾಗದ ತರಬೇಕು. ಕಾಡಿನಲ್ಲಿ ಹುಟ್ಟಿ ಕಾಡಿನಲ್ಲಿ ಸತ್ತ ಮುತ್ತಜ್ಜನಿಗೆ ಕಾಗದ ಕೊಟ್ಟವರಾರು?

ಈ ಕಾಯಿದೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಒಂದು ಮಾತಿದೆ. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿಯೂ ಇರಬೇಕು. ಭೂಮಿ ಮಕ್ಕಳಿಗೆ ಹೋಗುತ್ತದೆ, ಆದರೆ ಮಾರಲಾಗದು. ಯಾಜಕಕಾಂಡದ ಜೂಬಿಲಿ ವರ್ಷದ ಅಧ್ಯಾಯವನ್ನು ಓದಿದವರಿಗೆ ಈ ನಿಯಮ ಪರಿಚಿತವೆನಿಸೀತು. ಭೂಮಿ ದೇವರದ್ದು, ನಾವು ಅಲ್ಲಿ ಒಕ್ಕಲುಗಳು ಮಾತ್ರವೆಂಬ ತಿಳಿವಳಿಕೆಯೇ ಆ ಅಧ್ಯಾಯದ ತಳಹದಿ. 2015ರಲ್ಲಿ ಪೋಪ್ ಫ್ರಾನ್ಸಿಸರು ತಮ್ಮ ವಿಶ್ವಪತ್ರ 'ಲೌದಾತೋ ಸಿ'ಯಲ್ಲಿ ಮೂಲನಿವಾಸಿ ಸಮುದಾಯಗಳಿಗೆ ನೆಲವೆಂಬುದು ಸರಕಲ್ಲವೆಂದು ವಿವರಿಸಿದ್ದು ಇದೇ ಅರ್ಥದಲ್ಲಿ. ಆ ವಿಶ್ವಪತ್ರದ ಬಗ್ಗೆ ನಾವು ಎಷ್ಟು ವಿಚಾರಸಂಕಿರಣಗಳನ್ನು ನಡೆಸಿದೆವು! ಊಟವೂ ಚೆನ್ನಾಗಿಯೇ ಇತ್ತು.

ಈಗ ನಮ್ಮದೇ ಮನೆಯ ಮಾತು. ಕಟ್ಟಡದ ವ್ಯಾಮೋಹವನ್ನು ಜನರಿಗೆ ಕಲಿಸಿದವರಲ್ಲಿ ಗುರುಗಳಾದ ನಾವೂ ಇದ್ದೇವೆ. ಒಬ್ಬ ಗುರು ವರ್ಗವಾಗಿ ಹೋಗುವಾಗ ಬೀಳ್ಕೊಡುಗೆ ಸಭೆಯಲ್ಲಿ ಏನನ್ನು ಹೊಗಳುತ್ತಾರೆಂಬುದನ್ನು ನೆನಪಿಸಿಕೊಳ್ಳಿ. ಸಭಾಭವನ ಕಟ್ಟಿಸಿದರು, ಗ್ರೊಟ್ಟೊ ಕಟ್ಟಿಸಿದರು, ಕಮಾನು ಕಟ್ಟಿಸಿದರು. ಎಷ್ಟು ಕುಟುಂಬಗಳ ಅರಣ್ಯ ಹಕ್ಕಿನ ಅರ್ಜಿ ಬರೆಸಿದರೆಂದು ಯಾರೂ ಕೇಳುವುದಿಲ್ಲ. ನಾನೂ ಒಂದು ಸಭಾಭವನ ಕಟ್ಟಿಸಿದವನೇ. ಎರಡು ವರ್ಷ ಜಲ್ಲಿ, ಸಿಮೆಂಟು, ಕಬ್ಬಿಣದ ದರವನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅದೇ ಎರಡು ವರ್ಷಗಳಲ್ಲಿ ನನ್ನ ಧರ್ಮಕೇಂದ್ರದ ಏಳು ಕುಟುಂಬಗಳು ಭೂಮಿ ಮಾರಿದವೆಂಬುದು ನನಗೆ ತಿಳಿದದ್ದು ಅವರು ಭವನಕ್ಕೆ ಕೊಟ್ಟ ಕಾಣಿಕೆಯ ರಸೀದಿಗಳನ್ನು ಬರೆಯುವಾಗ. ಕಾಣಿಕೆಯ ಮೊತ್ತ ಅದೇಕೆ ಅಷ್ಟು ದೊಡ್ಡದೆಂದು ಕೇಳಬೇಕಿತ್ತು. ಕೇಳಲಿಲ್ಲ. ಧನ್ಯವಾದ ಹೇಳಿದೆ.

ಆದ್ದರಿಂದ ಇನ್ನು ಮುಂದೆ ಕೆಲವು ಪ್ರಶ್ನೆಗಳನ್ನು ಕೇಳಬೇಕೆಂದಿದ್ದೇನೆ, ನೀವೂ ಕೇಳಿರಿ. ಹೊಸ ಕಾಟೇಜುಗಳ ಶಂಕುಸ್ಥಾಪನೆಗೆ ಆಮಂತ್ರಣ ಬಂದಾಗ, ಅದರ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ? ಕಾಳಿಗೋ, ಕೆಳಗಿನ ಮನೆಯ ಬಾವಿಗೋ? ಕೊಳವೆಬಾವಿ ಎಷ್ಟು ಆಳ? ಸುತ್ತಣ ಬಾವಿಗಳು ಬೇಸಿಗೆಯಲ್ಲಿ ಬತ್ತಿದರೆ ಜವಾಬು ಯಾರದು? ಇವನ್ನು ಕೇಳುವ ಸ್ಥಳ ಚಹದಂಗಡಿಯಲ್ಲ, ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕೆಂದು ಕಾನೂನಿದೆ. ಅರಣ್ಯ ಹಕ್ಕಿನ ಅರ್ಜಿಗಳನ್ನು ಸ್ವೀಕರಿಸಿ ಪರಿಶೀಲಿಸುವ ಮೊದಲ ಅಧಿಕಾರವೂ ಗ್ರಾಮಸಭೆಯದ್ದೇ. ನೊವೆನಾಕ್ಕೆ ಒಂಬತ್ತು ದಿನ ತಪ್ಪದೆ ಬರುವ ನಾವು ಗ್ರಾಮಸಭೆಗೆ ವರ್ಷಕ್ಕೆ ಎರಡು ದಿನ ಹೋಗಲಾರೆವೇ?

ಹಣದ ಅಡಚಣೆಯಿದ್ದವರು ಮಾರುವ ಮೊದಲು ಗುತ್ತಿಗೆಗೆ ಕೊಡುವುದನ್ನು ಯೋಚಿಸಿ. ಅವಧಿ ಚಿಕ್ಕದಿರಲಿ, ಕರಾರು ನೋಂದಣಿಯಾಗಲಿ, ಮನೆಯ ಹೆಂಗಸರು ಓದಿಸಿಕೊಂಡು ಕೇಳಿದ ಮೇಲೆಯೇ ಸಹಿ ಬೀಳಲಿ. ಮುಂಗಡ ಹಣ ಪಡೆದು ಬರಿಯ ಬಾಯಿಮಾತಿನಲ್ಲಿ ಒಪ್ಪಿಕೊಂಡವರ ಕಣ್ಣೀರನ್ನು ಸಾಕಷ್ಟು ಕಂಡಿದ್ದೇನೆ.

ನಮ್ಮ ಪಾಲನಾ ಸಮಿತಿಯಲ್ಲಿ ಕಳೆದ ಸಲ ಮತ್ತೊಂದು ಕಮಾನಿನ ಪ್ರಸ್ತಾಪ ಬಂದಿತ್ತು. ಆ ಹಣದಲ್ಲಿ ಒಂದು ಮೇಜು, ಒಂದು ಕಪಾಟು, ಒಂದು ಜೆರಾಕ್ಸ್ ಯಂತ್ರವನ್ನು ಕೊಂಡು, ಭೂಮಿಯ ಕಾಗದಪತ್ರ ಬಲ್ಲ ಒಬ್ಬರನ್ನು ವಾರಕ್ಕೊಮ್ಮೆ ಕೂರಿಸೋಣವೆಂದು ನಾನು ಕೇಳಿಕೊಂಡೆ. ಚರ್ಚೆ ಬಿಸಿಯಾಯಿತು, ಕಮಾನಿನ ಪರವಾಗಿದ್ದ ಹಿರಿಯರೊಬ್ಬರು ಎದ್ದುಹೋದರು. ಮರುವಾರ ಅವರೇ ಮಾಸಿದ ಪ್ಲಾಸ್ಟಿಕ್ ಚೀಲವೊಂದನ್ನು ಹಿಡಿದು ಗುರುನಿವಾಸಕ್ಕೆ ಬಂದರು. ಅದರೊಳಗೆ ಅವರ ತಂದೆಗೆ ಭೂನ್ಯಾಯಮಂಡಳಿ ಕೊಟ್ಟ ಆದೇಶದ ಪ್ರತಿಯಿತ್ತು, ಗೆದ್ದಲು ಹಿಡಿದ ಅಂಚು. ಮಗ ಇದನ್ನು ದಲ್ಲಾಳಿಗೆ ಕೊಡು ಎನ್ನುತ್ತಿದ್ದಾನೆ, ಇದರಲ್ಲಿ ಏನು ಬರೆದಿದೆಯೆಂದು ಮೊದಲು ಓದಿ ಹೇಳಿರೆಂದರು. ಕಪಾಟು ಇನ್ನೂ ಬಂದಿಲ್ಲ. ಭಾನುವಾರ ಎರಡನೆಯ ಬಲಿಪೂಜೆಯ ನಂತರ ನಾವಿಬ್ಬರೂ ವರಾಂಡದಲ್ಲಿ ಕುಳಿತಿರುತ್ತೇವೆ. ನಿಮ್ಮ ಪಹಣಿಯನ್ನು ತನ್ನಿ.