ಕೂಸು ಮೊದಲು ಬೆಚ್ಚಗಿರಲಿ, ನೀರು ನಾಳೆಯಾದರೂ ಆದೀತು

ಮಗು ಹುಟ್ಟಿದ ಮನೆಯಿಂದ ಮದ್ರಸದ ಉಸ್ತಾದರಿಗೆ ಫೋನ್ ಬರುವುದು ಹೊಸತಲ್ಲ. ಕಿವಿಗೆ ಬಾಂಗ್ ಹೇಳಬೇಕು, ಬೇಗ ಬನ್ನಿ ಎನ್ನುತ್ತಾರೆ. ಹಿಂದೆಯೇ ಇನ್ನೊಂದು ಮಾತು ಬರುತ್ತದೆ, "ಸ್ವಲ್ಪ ತಡೀರಿ ಉಸ್ತಾದ್, ಕೂಸಿಗೆ ಇನ್ನೂ ನೀರು ಹಾಕಿಲ್ಲ." ಸಿಂಧನೂರು, ಲಿಂಗಸುಗೂರು, ಮಸ್ಕಿ ಎಲ್ಲೇ ಇರಲಿ, ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ನಮ್ಮವರ ಮನೆಯಿರಲಿ, ಇಲ್ಲಿಯವರೇ ಆದ ಉರ್ದು ಮಾತಿನ ಮನೆಯಿರಲಿ, ಮಾತು ಇದೇ. ಮೈ ತೊಳೆಯದೆ ಅಲ್ಲಾಹನ ಹೆಸರು ಕಿವಿಗೆ ಹಾಕುವುದು ಹೇಗೆ ಎಂಬ ಭಕ್ತಿ ಅದರ ಹಿಂದಿದೆ. ಭಕ್ತಿಯ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಆ ಅವಸರದ ಸ್ನಾನದಿಂದ ಕೂಸಿಗೆ ಆಗಬಹುದಾದ ಅಪಾಯ ಸಣ್ಣದಲ್ಲ.

ದೀನಿನ ಮಾತನ್ನೇ ಮೊದಲು ಹೇಳಿಬಿಡೋಣ. ಬಲ ಕಿವಿಗೆ ಬಾಂಗ್, ಎಡ ಕಿವಿಗೆ ಇಖಾಮತ್ ಹೇಳುವುದು ಸುನ್ನತ್. ಅದಕ್ಕೆ ಕೂಸಿನ ಸ್ನಾನ ಷರತ್ತಲ್ಲ. ಹೆರಿಗೆಯ ಕಾರಣಕ್ಕೆ ಗುಸ್ಲ್ ಕಡ್ಡಾಯವಾಗುವುದು ತಾಯಿಗೆ, ಅದೂ ನಿಫಾಸಿನ ರಕ್ತ ನಿಂತ ಮೇಲೆ. ಕೂಸಿಗೆ ಗುಸ್ಲ್ ಕಡ್ಡಾಯವಿಲ್ಲ. ಮೈಗೆ ರಕ್ತ ತಾಗಿದ್ದರೆ ಮೆತ್ತಗಿನ ಬಟ್ಟೆಯಿಂದ ಒರೆಸಿ, ಬೆಚ್ಚಗೆ ಸುತ್ತಿ, ಉಮ್ಮನ ಮಗ್ಗುಲಲ್ಲಿ ಮಲಗಿಸಿಯೇ ಬಾಂಗ್ ಹೇಳಬಹುದು. ನೀರಿನಿಂದ ಹಾನಿಯಾಗುವ ಭಯವಿದ್ದರೆ ನಮಾಝ್ ಮಾಡುವ ದೊಡ್ಡವರಿಗೇ ತಯಮ್ಮುಮ್‌ನ ರಿಯಾಯಿತಿ ಕೊಟ್ಟ ದೀನು ನಮ್ಮದು. ಯಾವ ಫರ್ಳೂ ಇಲ್ಲದ ಹಸುಗೂಸನ್ನು ನಡುಗಿಸಿ ಎಂದು ಅದು ಹೇಳೀತೇ?

ಇನ್ನು ಹಾನಿ ಏನೆಂದು ನೋಡೋಣ. ತಾಯಿಯ ಹೊಟ್ಟೆಯೊಳಗೆ ಕೂಸು ಸುಮಾರು 37 ಡಿಗ್ರಿ ಬಿಸುಪಿನಲ್ಲಿ ಇರುತ್ತದೆ. ಹೊರಗೆ ಬರುವಾಗ ಮೈಯೆಲ್ಲ ಒದ್ದೆ. ಆ ಒದ್ದೆ ಆರುವಾಗ ಮೈಯ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಹೀಗೆಯೇ. ನಮಗೆ ಚಳಿಯಾದರೆ ಗಡಗಡ ನಡುಗಿ ಮೈ ಬಿಸಿ ಮಾಡಿಕೊಳ್ಳುತ್ತೇವೆ, ಆಗ ತಾನೇ ಹುಟ್ಟಿದ ಕೂಸಿಗೆ ಹಾಗೆ ನಡುಗಲು ಬರುವುದಿಲ್ಲ. ಅದರ ಮೈ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಅದಕ್ಕಿಂತ ಇಳಿದರೆ ಹಾಲು ಚೀಪುವ ಶಕ್ತಿ ಕುಂದುತ್ತದೆ, ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ, ಉಸಿರಾಟಕ್ಕೂ ಕಷ್ಟವಾಗುತ್ತದೆ. ಹುಟ್ಟಿದಾಗ ಮೈಮೇಲೆ ಬೆಣ್ಣೆಯಂತೆ ಅಂಟಿಕೊಂಡಿರುವ ಬಿಳಿ ಲೇಪ ಹೊಲಸಲ್ಲ, ಚರ್ಮವನ್ನು ಕಾಯುವಂಥದ್ದು. ಅದನ್ನು ಉಜ್ಜಿ ತೆಗೆಯಬಾರದು.

ಇದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಸ್ನಾನ ಹುಟ್ಟಿ 24 ಗಂಟೆ ಕಳೆದ ಮೇಲೆ ಎಂದು ಹೇಳುತ್ತದೆ. ಸಂಪ್ರದಾಯದ ಕಾರಣಕ್ಕೆ ಅಷ್ಟು ಕಾಯಲು ಆಗದಿದ್ದರೆ ಕಡಿಮೆಯೆಂದರೆ 6 ಗಂಟೆಯಾದರೂ ಕಾಯಬೇಕು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸು, ದಿನ ತುಂಬುವ ಮೊದಲೇ ಹುಟ್ಟಿದ ಕೂಸು ಆದರೆ ಡಾಕ್ಟರು ಹೇಳುವವರೆಗೆ ನೀರು ಹಾಕುವ ಮಾತೇ ಬೇಡ. ಅಂಥ ಕೂಸನ್ನು ತಾಯಿಯ ಎದೆಗೆ ಬರಿಮೈಯಲ್ಲಿ ಆನಿಸಿ, ಮೇಲೆ ಬಟ್ಟೆ ಹೊದಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಇದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. ಸಿಂಧನೂರಿನ ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ಸರಕಾರಿ ಆಸ್ಪತ್ರೆಗಳ ಮೂಲಕ ಇದನ್ನು ಮನೆಮನೆಗೆ ಮುಟ್ಟಿಸುವ ಕೆಲಸ ನಡೆದಿದೆ. ತಾಯಿ ದಣಿದಿದ್ದರೆ ಬಾಪನ ಎದೆಯೂ ಆದೀತು.

"ರಾಯಚೂರು ಜಿಲ್ಲೆ ಬಿಸಿಲಾಗ ಥಂಡಿ ಎಲ್ಲಿಂದ ಬರ್ತದ?" ಎಂದು ಕೇಳುವವರುಂಟು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ನಿಜ. ಆದರೆ ಅದೇ ತಿಂಗಳಲ್ಲಿ ಮನೆಯೊಳಗೆ ಫ್ಯಾನು, ಕೂಲರು ಭರ್ರೆಂದು ತಿರುಗುತ್ತಿರುತ್ತವೆ. ಒದ್ದೆ ಮೈಗೆ ಆ ಗಾಳಿ ಬಡಿದರೆ ಕೂಸು ತಣ್ಣಗಾಗಲು ಹೆಚ್ಚು ಹೊತ್ತು ಬೇಡ. ಬೇಸಿಗೆಯ ಇನ್ನೊಂದು ಅಪಾಯ ಮಾಳಿಗೆಯ ಮೇಲಿನ ಟಾಕಿಯದ್ದು. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ನಮ್ಮ ಕೈಗೇ ಚುರುಕ್ ಎನ್ನುವ ನೀರು ಬರುತ್ತದೆ. ಸೋಲಾರ್ ನೀರಂತೂ ಇನ್ನೂ ಬಿಸಿ. 60 ಡಿಗ್ರಿಯ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಹಸುಗೂಸಿನದ್ದು ಇನ್ನೂ ತೆಳು ಚರ್ಮ. ಬಕೆಟ್ಟಿಗೆ ಹೀಟರ್ ರಾಡ್ ಇಟ್ಟು ನೀರು ಕಾಯಿಸುವವರು ಪ್ಲಗ್ ತೆಗೆದು, ರಾಡ್ ದೂರ ಇಟ್ಟ ಮೇಲೆಯೇ ಕೂಸನ್ನು ಹತ್ತಿರ ತರಬೇಕು.

ಹಾಗಾದರೆ ಸ್ನಾನ ಹೇಗೆ? ಹೊಕ್ಕುಳಬಳ್ಳಿ ಉದುರುವವರೆಗೆ, ಅಂದರೆ ಒಂದೆರಡು ವಾರ, ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ಹೊಕ್ಕುಳಿಗೆ ಎಣ್ಣೆ, ಅರಿಶಿನ, ಬೂದಿ ಏನೂ ಹಚ್ಚಬೇಡಿ, ಒಣಗಿರಲಿ. ಆಮೇಲೆ ನೀರು ಹಾಕುವಾಗ ಕೋಣೆಯ ಕಿಟಕಿ, ಬಾಗಿಲು ಮುಚ್ಚಿ ಫ್ಯಾನ್ ಆರಿಸಿ. ಟವೆಲು, ಬಟ್ಟೆ, ಟೊಪ್ಪಿ ಮೊದಲೇ ಕೈಗೆಟಕುವಂತಿರಲಿ. ಬೋಗುಣಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಾಕಿ ಚೆನ್ನಾಗಿ ಕಲಕಿ ಮೊಣಕೈಯಿಂದ ನೋಡಿ. ಮೊಣಕೈಗೆ ಬಿಸಿಯೂ ಅಲ್ಲದ, ತಣ್ಣಗೂ ಅಲ್ಲದ ನೀರು ಕೂಸಿಗೆ ಸರಿ. ತಲೆಗೆ ಕೊನೆಯಲ್ಲಿ ನೀರು ಹಾಕಿ ಕೂಡಲೇ ಒರೆಸಿ, ಕೂಸಿನ ಬಿಸಿ ಹೆಚ್ಚಾಗಿ ಹೋಗುವುದು ತಲೆಯಿಂದಲೇ. ಐದು ನಿಮಿಷದಲ್ಲಿ ಎಲ್ಲ ಮುಗಿಯಲಿ. ಬಾಗಿಲು ಬಡಿದರೂ, ಫೋನ್ ಹೊಡೆದುಕೊಂಡರೂ ಕೂಸನ್ನು ನೀರಿನ ಹತ್ತಿರ ಬಿಟ್ಟು ಏಳಬೇಡಿ. ಮುಳುಗಲಿಕ್ಕೆ ನಾಲ್ಕು ಬೆರಳು ನೀರೂ ಸಾಕು.

ಇಲ್ಲಿ ಚಿಲ್ಲಾ, ನಮ್ಮೂರಲ್ಲಿ ನಲವತ್ತು. ಅಷ್ಟೂ ದಿನ ತಪ್ಪದೆ ಎರೆಯಬೇಕೆಂಬ ಹಟ ಬೇಡ, ವಾರಕ್ಕೆ ಎರಡು ಮೂರು ಸಲ ಸಾಕು. ಅಖೀಖಾದ ದಿನ ತಲೆ ಬೋಳಿಸಿದ ಮೇಲೆ ಮೆಲ್ಲನೆ ಒರೆಸಿ ಟೊಪ್ಪಿ ಹಾಕುವುದನ್ನು ಮರೆಯಬೇಡಿ.

ಎರೆಯುವ ಹೆಂಗಸರನ್ನು, ಅಜ್ಜಿಯಂದಿರನ್ನು ದೂರುವುದು ಸರಿಯಲ್ಲ. ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವ ಅವರ ಕೈಯ ಹಿಡಿತ ಎಳೆಯ ತಾಯಂದಿರಿಗೆ ಬರಲು ವರ್ಷಗಳು ಬೇಕು. ಮೆಲ್ಲಗೆ ಕೊಬ್ಬರಿ ಎಣ್ಣೆ ಸವರುವುದು ತಪ್ಪಲ್ಲ. ಬಿಡಬೇಕಾದದ್ದು ಕೆಲವೇ ಕೆಲವು. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಬೇಡ, ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಬಾಯಿಯಿಂದ ಮೂಗಿಗೆ ಊದುವುದು, ಕಾಲು ಹಿಡಿದು ತಲೆಕೆಳಗೆ ಮಾಡುವುದು, ನೆತ್ತಿಗೆ ಎತ್ತರದಿಂದ ನೀರು ಸುರಿಯುವುದು ಬೇಡ. ಮುಚ್ಚಿದ ಕೋಣೆಯಲ್ಲಿ ಕೆಂಡದ ಮೇಲೆ ಲೋಬಾನ ಹಾಕಿ ಕೂಸಿಗೆ ಹೊಗೆ ಹಿಡಿಯುವುದೂ ಬೇಡ. "ನಾವು ಹಿಂಗs ಬೆಳದೀವಿ" ಎಂದು ಅಜ್ಜಿ ಹೇಳಿದರೆ ಎದುರಾಡಬೇಡಿ. ಆಶಾ ಅಕ್ಕ ಬಂದಾಗ ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿ, ಮಾತು ಅವರಿಬ್ಬರೇ ಆಡಲಿ.

ಆಶಾ ಬರುವುದು ಕಾರ್ಡು ತುಂಬಲಿಕ್ಕಲ್ಲ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡುವುದು ಅವರ ಕೆಲಸ. ಮನೆ ಹೆರಿಗೆಯಾದರೆ ಮೊದಲ ದಿನವೂ ಬರಬೇಕು. ಈ ಕ್ರಮಕ್ಕೆ ದಾರಿ ತೋರಿಸಿದ್ದು ಮಹಾರಾಷ್ಟ್ರದ ಗಡಚಿರೋಲಿ. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಹಳ್ಳಿಯ ಹೆಂಗಸರಿಗೇ ಕೂಸಿನ ಆರೈಕೆ ಕಲಿಸಿದರು. 39 ಹಳ್ಳಿಗಳಲ್ಲಿ ನಡೆದ ಆ ಕೆಲಸದ ಮೂರನೇ ವರ್ಷಕ್ಕೆ ನವಜಾತ ಶಿಶುಗಳ ಸಾವು ಶೇ. 62ರಷ್ಟು ಇಳಿಯಿತೆಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ದೊಡ್ಡ ಯಂತ್ರವೇನೂ ಇರಲಿಲ್ಲ. ಬೆಚ್ಚಗಿಡುವುದು, ತಾಯಿ ಹಾಲು, ಸೋಂಕನ್ನು ಬೇಗ ಗುರುತಿಸಿ ಔಷಧಿ ಕೊಡುವುದು, ಇಂಥವೇ.

ಮನೆಯವರೂ ಒಂದು ಪರೀಕ್ಷೆ ಕಲಿತಿರಲಿ. ಕೂಸಿನ ಹೊಟ್ಟೆ, ಪಾದ ಎರಡನ್ನೂ ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಪಾದ ಮಾತ್ರ ತಣ್ಣಗಿದ್ದರೆ ತಾಯಿಯ ಎದೆಗೆ ಹಾಕಿ ಹೊದಿಸಿ. ಹೊಟ್ಟೆಯೂ ತಣ್ಣಗಿದ್ದರೆ, ಹಾಲು ಚೀಪದಿದ್ದರೆ, ಉಸಿರು ಏದುಸಿರಾದರೆ, ಮೈ ಸುಡುತ್ತಿದ್ದರೆ, ಹೊಕ್ಕುಳ ಸುತ್ತ ಕೆಂಪಾಗಿ ಕೀವು ಬಂದರೆ ತಡಮಾಡದೆ 108ಕ್ಕೆ ಫೋನ್ ಮಾಡಿ ತಾಲೂಕು ಆಸ್ಪತ್ರೆಗೆ ಹೋಗಿ. ದಾರಿಯಲ್ಲೂ ಕೂಸು ತಾಯಿಯ ಎದೆಗೆ ಅಂಟಿಕೊಂಡೇ ಇರಲಿ.

ಉಸ್ತಾದರಿಗೂ ಜಮಾಅತ್ ಕಮಿಟಿಯವರಿಗೂ ನಮ್ಮ ವಿನಂತಿ ಇಷ್ಟೇ. ಬಾಂಗ್ ಹೇಳಲು ಕರೆ ಬಂದಾಗ "ಕೂಸಿಗೆ ನೀರು ಹಾಕಬೇಡಿ, ಒರೆಸಿ ಸುತ್ತಿಡಿ, ಈಗಲೇ ಬರುತ್ತೇವೆ" ಎಂದು ಫೋನಿನಲ್ಲೇ ಹೇಳಿ. ಜುಮಾದ ಭಾಷಣದಲ್ಲಿ ವರ್ಷಕ್ಕೆ ಒಂದೆರಡು ಸಲ ಐದು ನಿಮಿಷ ಈ ವಿಷಯಕ್ಕೆ ಕೊಡಿ. ಆಸ್ಪತ್ರೆಯ ಗೋಡೆಯ ಮೇಲೆ ಬರೆದದ್ದನ್ನು ಓದದೆ ಹೋಗುವ ಅಜ್ಜಿಯೂ ಉಸ್ತಾದರು ಹೇಳಿದರೆಂದರೆ ಕೇಳುತ್ತಾರೆ. ಆ ನಂಬಿಕೆ ನಮ್ಮ ಕೈಯಲ್ಲಿರುವ ಅಮಾನತ್ತು, ಅದು ಕೂಸಿನ ಜೀವ ಉಳಿಸಲು ಖರ್ಚಾಗಲಿ.