ಪೇಟೆಯನ್ನು ಮೆಚ್ಚಿದರೆ ಊರಿಗೆ ದ್ರೋಹವೆ?



ನಮ್ಮ ಕಡೆ ಡಿಸೆಂಬರ್ ತಿಂಗಳೆಂದರೆ ಶಾಲಾ ವಾರ್ಷಿಕೋತ್ಸವಗಳ ಸುಗ್ಗಿ. ನಿವೃತ್ತ ಅಧ್ಯಾಪಕನೆಂಬ ಕಾರಣಕ್ಕೆ ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಹಲವು ವೇದಿಕೆಗಳಲ್ಲಿ ನನಗೂ ಒಂದು ಕುರ್ಚಿ, ಒಂದು ಶಾಲು ಸಿಗುತ್ತದೆ. ಅಲ್ಲಿ ಕೇಳುವ ಭಾಷಣಗಳಲ್ಲಿ ಒಂದು ಮಾತು ಮಾತ್ರ ವರ್ಷವೂ ತಪ್ಪದೆ ಬರುತ್ತದೆ: ಮಹಾನಗರದ ಮೋಹ ನಮ್ಮ ಮಕ್ಕಳನ್ನು ನುಂಗಿತು, ಮನೆಗಳಿಗೆ ಬೀಗ ಬಿತ್ತು, ಗದ್ದೆ ಹಡೀಲು ಬಿತ್ತು. ಕಳೆದ ವರ್ಷ ಒಬ್ಬ ಮಹನೀಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರಜೆಯಲ್ಲಿ ಗೆಳೆಯರ ಗುಂಪು ಕಟ್ಟಿಕೊಂಡು ಬೆಂಗಳೂರು, ಮುಂಬಯಿ ಸುತ್ತಲು ಹೊರಡುವ ಮಕ್ಕಳನ್ನು ಹೆತ್ತವರು ತಡೆಯಬೇಕು, ರುಚಿ ಹತ್ತಿದ ಮೇಲೆ ಅವರು ಊರಿಗೆ ದಕ್ಕುವುದಿಲ್ಲ ಎಂದು ಕರೆಕೊಟ್ಟರು. ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ. ಮಹಾನಗರವನ್ನು ಮೆಚ್ಚುವುದು, ಜೊತೆಗಾರರೊಡನೆ ಅದರ ಬೀದಿಗಳನ್ನು ಅಲೆಯುವುದು ಊರಿಗೆ ಬಗೆಯುವ ದ್ರೋಹವಲ್ಲ; ಅದು ವಿದ್ಯಾಭ್ಯಾಸದ ಭಾಗ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲಿಗೆ ಆ ವೇದಿಕೆಯ ಕಡೆಗೇ ನೋಡೋಣ. ಭಾಷಣಕಾರರ ಬೆನ್ನ ಹಿಂದಿದ್ದ ತರಗತಿ ಕೋಣೆಯ ಗೋಡೆಯಲ್ಲಿ ದಾನಿಗಳ ಹೆಸರಿನ ಕಲ್ಲು ಇತ್ತು. ಹೆಸರಿನ ಮುಂದೆ ‘ಮುಂಬಯಿ’ ಎಂದು ಕೆತ್ತಿತ್ತು. ನಮ್ಮ ತಾಲೂಕುಗಳ ಯಾವುದೇ ದೇವಸ್ಥಾನದ ಬ್ರಹ್ಮಕಲಶೋತ್ಸವದ ಫಲಕವನ್ನು ಓದಿ, ಯಾವುದೇ ದೈವಸ್ಥಾನದ ಜೀರ್ಣೋದ್ಧಾರದ ರಶೀದಿ ಪುಸ್ತಕವನ್ನು ತೆರೆಯಿರಿ, ಹರಕೆಯ ಬಯಲಾಟ ಆಡಿಸುವವರು ಯಾರೆಂದು ವಿಚಾರಿಸಿ. ಅರ್ಧಕ್ಕರ್ಧ ಉತ್ತರ ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿದೆ. ನನ್ನ ಬಾಲ್ಯದಲ್ಲಿ ಅಂಚೆಯ ಪೋಸ್ಟ್‌ಮ್ಯಾನ್ ಬೊಂಬಾಯಿಯ ಮನಿಯಾರ್ಡರ್ ತಂದ ದಿನ ಮನೆಯಲ್ಲಿ ಮೀನು ಬರುತ್ತಿತ್ತು, ಅಂಗಡಿಯ ಸಾಲ ತೀರುತ್ತಿತ್ತು. ನಗರದ ಹಣಕ್ಕೆ ಮಡಿ ಮೈಲಿಗೆ ಇಲ್ಲ, ನಗರದ ಮೇಲಿನ ಪ್ರೀತಿಗೆ ಮಾತ್ರ ಇದೆ! ಇದು ಯಾವ ನ್ಯಾಯ?

ಇನ್ನು, ನಾವು ಹಳ್ಳಿ ಎಂದು ಕರೆದುಕೊಳ್ಳುವ ಈ ಊರುಗಳಾದರೂ ಏನು? ನಾನೀಗ ವಾಸಿಸುವ ಮೂಡುಬಿದಿರೆ ತನ್ನ ಕಾಲದಲ್ಲಿ ಒಂದು ದೊಡ್ಡ ಪೇಟೆಯೇ. ಹದಿನೆಂಟು ಬಸದಿಗಳನ್ನು ಕಟ್ಟಿಸಿಕೊಂಡ ಊರು ಬರೀ ಬೇಸಾಯದಿಂದ ಬೆಳೆದದ್ದಲ್ಲ. ವ್ಯಾಪಾರದ ಸಂಪತ್ತು ಇಲ್ಲಿ ಕೈಯಾಡಿಸಿದೆ. 1430ರ ಸಾವಿರ ಕಂಬದ ಬಸದಿಗೆ ಹೋದಾಗ ಮುಂದಿನ ಮಂಟಪದ ಜಗಲಿಯ ಕೆತ್ತನೆಗಳನ್ನು ಬಗ್ಗಿ ನೋಡಿ. ಅಲ್ಲೊಂದು ಜಿರಾಫೆ ಇದೆ, ಚೀನಾದ ಡ್ರ್ಯಾಗನ್ ಇದೆ. ತುಳುನಾಡಿನ ಕಾಡಿನಲ್ಲಿ ಜಿರಾಫೆ ಮೇಯುತ್ತಿರಲಿಲ್ಲವಷ್ಟೆ. ಯಾರೋ ದೂರದ ಬಂದರುಗಳ ಸುದ್ದಿ ತಂದಿರಬೇಕು, ಶಿಲ್ಪಿ ಬೆರಗಾಗಿ ಕೇಳಿರಬೇಕು. ನಾನು ಹುಟ್ಟಿದ ಬಂಟ್ವಾಳದ ಕಥೆಯೂ ಅದೇ. ಘಟ್ಟದ ಮೇಲಿನಿಂದ ಇಳಿದ ಕಾಫಿ, ಸಾಮಾನು ಸರಂಜಾಮುಗಳು ಇಲ್ಲಿ ನೇತ್ರಾವತಿಯ ದೋಣಿ ಏರಿ ಮಂಗಳೂರಿಗೆ ಹೋಗುತ್ತಿದ್ದವು. 1923ರ ಮಹಾನೆರೆ ಕೊಚ್ಚಿಕೊಂಡು ಹೋದದ್ದು ಅಂಥ ಒಂದು ಪೇಟೆಯನ್ನು. ಹೊರಗಿನ ಲೋಕದ ಕುತೂಹಲ ನಮಗೆ ಮೊಬೈಲಿನಿಂದ ಅಂಟಿದ ರೋಗವೇನಲ್ಲ.

ಆ ಕುತೂಹಲವೇ ನಮ್ಮವರನ್ನು ಕೈಹಿಡಿದು ನಡೆಸಿತು. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿಗೆ ಹೋಗಿ 1924ರಲ್ಲಿ ತೆರೆದ ಹೋಟೆಲೇ ಮುಂದೆ ಎಂ.ಟಿ.ಆರ್. ಎಂದು ಹೆಸರಾಯಿತು. ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿ ಆರಂಭವಾಯಿತು. ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್ ಇಪ್ಪತ್ತರ ಹರೆಯದಲ್ಲಿ ಕೈಯಲ್ಲಿ ಕಾಸಿಲ್ಲದೆ ಮುಂಬಯಿ ಸೇರಿ ಚೌಪಾಟಿಯಲ್ಲಿ ಮಲಗಿದವರು. 1967ರಲ್ಲಿ ಅದೇ ನಗರ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿ ಅವರನ್ನು ಲೋಕಸಭೆಗೆ ಕಳಿಸಿತು. ಇವರೆಲ್ಲ ನಗರವನ್ನು ಬೀದಿ ಬೀದಿ ಬಲ್ಲವರು.

1983ರ ಮೇ ತಿಂಗಳಲ್ಲಿ, ಪದವಿ ಮುಗಿಸಿ ಬಿ.ಎಡ್. ಸೇರುವ ಮೊದಲು, ನಾವು ನಾಲ್ವರು ಗೆಳೆಯರು ಬಸ್ಸು ಹತ್ತಿ ಮುಂಬಯಿಗೆ ಹೋಗಿದ್ದೆವು. ಕೊಂಕಣ ರೈಲು ಪೂರ್ತಿಯಾಗಿ ಓಡಲು ಇನ್ನೂ ಹದಿನೈದು ವರ್ಷ ಬೇಕಿತ್ತು. ಒಂದು ಹಗಲು, ಒಂದು ರಾತ್ರಿ ಕಳೆದು ಇಳಿಯುವಾಗ ಸೊಂಟ ನಮ್ಮದೆನಿಸಲಿಲ್ಲ. ಗೆಳೆಯನೊಬ್ಬನ ಮಾವನ ಹೋಟೆಲಿನ ಮಾಳಿಗೆಯಲ್ಲಿ ಚಾಪೆ. ಡಬಲ್ ಡೆಕ್ಕರ್ ಬಸ್ಸಿನ ಮೇಲಿನ ಅಂತಸ್ತಿನ ಎದುರು ಸೀಟಿಗಾಗಿ ನಾಲ್ವರೂ ಜಗಳಾಡುತ್ತಿದ್ದೆವು. (ಆ ಹಳೆಯ ಡೀಸೆಲ್ ಬಸ್ಸುಗಳು 2023ರಲ್ಲಿ ಓಡಾಟ ನಿಲ್ಲಿಸಿದವೆಂದು ಓದಿದಾಗ ಒಂದು ಸಂಜೆ ಪೂರ್ತಿ ಮನಸ್ಸು ಸರಿ ಇರಲಿಲ್ಲ.) 1888ರಲ್ಲಿ ಪೂರ್ಣಗೊಂಡ ವಿ.ಟಿ. ನಿಲ್ದಾಣದ ಎದುರು ತಲೆಯೆತ್ತಿ ನಿಂತು, ಕಲ್ಲಿನಲ್ಲಿ ಕೆತ್ತಿದ ಪ್ರಾಣಿಗಳನ್ನು ಗುರುತಿಸುವ ಪಂದ್ಯ ಕಟ್ಟಿದೆವು. ಬೊರಿವಿಲಿಯಲ್ಲಿ ಇಳಿದು ಕಾನ್ಹೇರಿಯ ಬೌದ್ಧ ಗುಹೆಗಳವರೆಗೆ ಬಿಸಿಲಲ್ಲಿ ನಡೆದೆವು. ಪರೇಲ್, ಲಾಲ್‌ಬಾಗ್ ಕಡೆ ಹೋದಾಗ ಸಾಲುಸಾಲು ಚಿಮಣಿಗಳು ಹೊಗೆಯಿಲ್ಲದೆ ನಿಂತಿದ್ದವು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರ. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟಿದ್ದರು. ಮುಂದೆ ತರಗತಿಯಲ್ಲಿ ಕೈಗಾರಿಕಾ ಕ್ರಾಂತಿಯ ಪಾಠ ಮಾಡುವಾಗಲೆಲ್ಲ ನನ್ನ ಕಣ್ಣ ಮುಂದೆ ಇದ್ದದ್ದು ಮ್ಯಾಂಚೆಸ್ಟರ್ ಅಲ್ಲ, ಆ ಹೊಗೆಯಿಲ್ಲದ ಚಿಮಣಿಗಳು. ನನ್ನ ಪಾಠ ನಿಮಗೆ ಸ್ವಲ್ಪವಾದರೂ ರುಚಿಸಿದ್ದರೆ ಆ ಹದಿನೆಂಟು ದಿನಗಳಿಗೂ ಅದರಲ್ಲಿ ಪಾಲಿದೆ.

ಆ ಹೋಟೆಲಿನಲ್ಲಿ ಅಳದಂಗಡಿ ಕಡೆಯ ಒಬ್ಬ ಹುಡುಗ ಇದ್ದ. ಹಗಲು ಮೇಜು ಒರೆಸುತ್ತಿದ್ದ, ಸಂಜೆ ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದ. ನಮ್ಮವರು ಸಂಘ ಕಟ್ಟಿ, ವಂತಿಗೆ ಎತ್ತಿ ನಡೆಸಿದ ಅಂಥ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದವರು ಎಷ್ಟೋ ಮಂದಿ. ತನ್ನ ವಾರದ ರಜೆಯಂದು ಅವನೇ ನಮಗೆ ದಾರಿ ತೋರಿಸಿದ. ಫ್ಲೋರಾ ಫೌಂಟನ್ ಬಳಿ ಕಡಲೆ ತಿನ್ನುತ್ತಾ, ಊರಿಗೆ ಮರಳುವ ಮನಸ್ಸಿಲ್ಲವೇ ಎಂದು ಕೇಳಿದೆ. “ಉಂಟು ಅಣ್ಣ, ಅಮ್ಮ ಇದ್ದಾರಲ್ಲ. ಆದರೆ ಇಲ್ಲಿ ನೀನು ಯಾವ ಮನೆಯವನು ಅಂತ ಯಾರೂ ಕೇಳುವುದಿಲ್ಲ” ಎಂದ.

ವೇದಿಕೆಯ ಮಹನೀಯರು ಈ ಮಾತನ್ನು ಕೇಳಿಸಿಕೊಳ್ಳಬೇಕು. ನಮ್ಮ ಊರಿನ ಮೊದಲ ಪ್ರಶ್ನೆ ಈಗಲೂ ‘ಯಾವ ಮನೆ’ ಎಂಬುದೇ. ಅದರಲ್ಲಿ ಅಕ್ಕರೆಯೂ ಇದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಪ್ರಶ್ನೆ ಕೆಲವರನ್ನು ಜಗಲಿಗೆ ಹತ್ತಿಸುತ್ತದೆ, ಕೆಲವರನ್ನು ಅಂಗಳದಲ್ಲೇ ನಿಲ್ಲಿಸುತ್ತದೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಹಳ್ಳಿಯನ್ನು ಹೊಗಳುವವರ ಮೇಲೆ ಸಿಡಿದೆದ್ದದ್ದು ಸುಮ್ಮನೆ ಅಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ರಾತ್ರಿ ಎಂಟೂವರೆಗೆ ಗೆಳತಿಯರೊಂದಿಗೆ ಗಾಂಧಿಬಜಾರಿನಲ್ಲಿ ದೋಸೆ ತಿಂದು ನಡೆದೇ ಕೋಣೆಗೆ ಮರಳುವುದು ತನಗೆ ಎಷ್ಟು ದೊಡ್ಡ ವಿಷಯ ಎಂದು ಅವಳು ಹೇಳಿದಾಗ ನಾನು ಸುಮ್ಮನಾದೆ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಆ ಹೊತ್ತಿಗೆ ಅವಳು ನಿಂತಿದ್ದರೆ ಮನೆ ತಲುಪುವ ಮೊದಲೇ ಮನೆಗೆ ಸುದ್ದಿ ತಲುಪಿರುತ್ತಿತ್ತು.

ಬೀಗ ಬಿದ್ದ ಮನೆಗಳ ಮಾತು ಸುಳ್ಳಲ್ಲ. ನಮ್ಮ ಓಣಿಯಲ್ಲೇ ಮೂರು ಮನೆಗಳಲ್ಲಿ ಎಪ್ಪತ್ತು ದಾಟಿದವರು ಮಾತ್ರ ಇದ್ದಾರೆ. ರಾತ್ರಿ ಎದೆನೋವು ಬಂದರೆ ಕರೆಯುವುದು ಆಟೋ ಚಾಲಕನನ್ನು. ಈ ಸಂಕಟಕ್ಕೆ ಉತ್ತರ ಬೇಕೇ ಬೇಕು. ಆದರೆ ಆ ಮಕ್ಕಳು ಹೋದದ್ದು ರಜೆಯಲ್ಲಿ ಪೇಟೆ ಸುತ್ತಿದ ರುಚಿಯಿಂದಲ್ಲ. 1974ರ ಭೂಸುಧಾರಣೆಯಿಂದ ಗೇಣಿದಾರನಿಗೆ ಭೂಮಿ ಬಂತು, ನಿಜ; ಆ ಎರಡೆಕರೆ ಐದು ಮಕ್ಕಳಿಗೆ ಪಾಲಾದಾಗ ಉಳಿದದ್ದೆಷ್ಟು? ತಾಯಂದಿರು ಬೀಡಿ ಸುತ್ತಿ ಓದಿಸಿದ್ದು ಮಗ ಮತ್ತೆ ಸೂಪಿನ ಮುಂದೆ ಕುಳಿತುಕೊಳ್ಳಲಿ ಎಂದೇ? ಉದ್ಯೋಗ ಊರಿನಲ್ಲಿಲ್ಲ, ಆದ್ದರಿಂದ ಹೋದರು. ಅಡಿಕೆಗೆ ಕೊಳೆರೋಗ ಬಂದರೆ ಮಳೆಯನ್ನು ಬೈದು ಫಲವಿಲ್ಲ, ಮದ್ದು ಬಿಡಬೇಕು. ಹಾಗೆಯೇ ಇಲ್ಲಿ ಉದ್ಯೋಗ ತರಿಸಲಾರದವರು ಅಲ್ಲಿಯ ಬೀದಿದೀಪವನ್ನು ಬೈಯುತ್ತಾರೆ.

ಕೆಲವರು ‘ಮರಳಿ ಮಣ್ಣಿಗೆ’ಯನ್ನು ಗುರಾಣಿಯಾಗಿ ಹಿಡಿಯುತ್ತಾರೆ. 1941ರ ಆ ಕಾದಂಬರಿಯ ಶೀರ್ಷಿಕೆಯನ್ನಷ್ಟೇ ಓದಿದವರು ಇವರು. ಅದರ ರಾಮ ಮದ್ರಾಸನ್ನು ಕಂಡವನು, ಮುಂಬಯಿಯನ್ನು ಕಂಡವನು, ಕಂಡು ಮರಳಿದವನು. ಅದನ್ನು ಬರೆದ ಕಾರಂತರೇ ಯುರೋಪಿನ ನಗರಗಳನ್ನು ಸುತ್ತಿ ಬಂದು ‘ಅಪೂರ್ವ ಪಶ್ಚಿಮ’ ಬರೆದರು. ಹೋಗದೆ ಮರಳುವುದು ಹೇಗೆಂದು ನನಗೆ ಯಾರಾದರೂ ತಿಳಿಸಿಕೊಡಲಿ.

ನನ್ನ ತಕರಾರು ಇನ್ನೊಂದು ಕಡೆಗೂ ಇದೆ, ನೀವು ಬೇಸರಿಸಬೇಡಿ. ನಿಮ್ಮಲ್ಲಿ ಕೆಲವರು ಬೆಂಗಳೂರಿನಲ್ಲಿ ಹದಿನೈದು ವರ್ಷ ಬಾಳಿಯೂ ಫ್ಲಾಟು, ಕಚೇರಿ, ಮಾಲ್ ಈ ಮೂರು ಬಿಟ್ಟು ಬೇರೇನನ್ನೂ ನೋಡಿಲ್ಲ. ಊರಿಗೆ ಬಂದಾಗ ಮಾತ್ರ ‘ಆ ಟ್ರಾಫಿಕ್ಕು, ಆ ಹೊಗೆ, ಸಾಕಾಯಿತು ಸರ್’ ಎನ್ನುತ್ತೀರಿ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಮೇಲೆ ಕೆಂಪೇಗೌಡರ ಗೋಪುರದ ಪಕ್ಕ ಗೆಳೆಯರೊಂದಿಗೆ ಒಂದು ಸಂಜೆ ಕುಳಿತಿದ್ದೀರಾ? ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಯಲ್ಲಿ ಚೌಕಾಸಿ ಮಾಡಿದ್ದೀರಾ? ಬೆಳಿಗ್ಗೆ ಐದಕ್ಕೆ ಕೆ.ಆರ್. ಮಾರುಕಟ್ಟೆಯ ಹೂವಿನ ರಾಶಿ ಕಂಡಿದ್ದೀರಾ? ಬೆಳ್ತಂಗಡಿಯಲ್ಲಿ ನನ್ನ ತರಗತಿಯಲ್ಲಿದ್ದಾಗ ಭಾನುವಾರ ಗಡಾಯಿಕಲ್ಲು ಹತ್ತಿ ಮೊಣಕಾಲು ತರಚಿಕೊಂಡು ಸೋಮವಾರ ಬರುತ್ತಿದ್ದವರು ನೀವೇ ತಾನೆ?

ಶಾಲೆಗಳ ಶೈಕ್ಷಣಿಕ ಪ್ರವಾಸದ ಬಗ್ಗೆ ಹೆಚ್ಚು ಬರೆದರೆ ಸಹೋದ್ಯೋಗಿಗಳಿಗೆ ನೋವಾದೀತು. ವಿಧಾನಸೌಧದ ಎದುರು ಹತ್ತು ನಿಮಿಷ, ನೀರಾಟದ ಪಾರ್ಕಿನಲ್ಲಿ ಇಡೀ ದಿನ!

ದ್ವಿತೀಯ ಪಿ.ಯು. ಪರೀಕ್ಷೆ ಮುಗಿದ ಮಕ್ಕಳು ನಾಲ್ಕೈದು ಮಂದಿ ಸೇರಿ ಒಂದು ವಾರ ಮಹಾನಗರವೊಂದಕ್ಕೆ ಹೋಗಲಿ. ಲೆಕ್ಕ ಹಾಕಿದ ಹಣ, ಸರಕಾರಿ ಬಸ್ಸು, ಮೆಟ್ರೋ, ಉಳಿದದ್ದು ಕಾಲ್ನಡಿಗೆ. ಹುಡುಗಿಯರೂ ಹೋಗಲಿ. ಕಾಲೇಜು, ಕೋರ್ಸುಗಳ ತೀರ್ಮಾನವನ್ನು ಹೆತ್ತವರು ಆಮೇಲೆ ಮಾಡಲಿ. ಈ ಬರುವ ಬೇಸಗೆ ರಜೆಗೆ ನಮ್ಮ ಓಣಿಯ ಮೂವರು ಹುಡುಗಿಯರು, ಇಬ್ಬರು ಹುಡುಗರು ಬೆಂಗಳೂರಿಗೆ ಹೊರಡುವವರಿದ್ದಾರೆ. ಒಬ್ಬಳ ಅಜ್ಜಿಯನ್ನು ಒಪ್ಪಿಸುವ ಕೆಲಸ ನನಗೆ ವಹಿಸಿದ್ದಾರೆ, ಅದು ಅರ್ಧ ಆಗಿದೆ. ಬಸವನಗುಡಿ, ಮಲ್ಲೇಶ್ವರ ಸುತ್ತಮುತ್ತ ಇರುವ ಹಳೆಯ ವಿದ್ಯಾರ್ಥಿಗಳು ಯಾರಾದರೂ ಒಂದು ಭಾನುವಾರ ಇವರ ಜೊತೆ ನಡೆಯಲು ಸಿದ್ಧರಿದ್ದರೆ ನನಗೆ ಬರೆಯಿರಿ. ಕಾರು ತರುವುದು ಬೇಡ.