‘ಬಂತು’ ಅಲ್ಲ, ‘ಬಂದ್ರು’ ಅನ್ನೋಣ



ಕನ್ನಡದಲ್ಲಿ ಮನುಷ್ಯರನ್ನು ಹೊಡೆಯೋಕೆ ದೊಣ್ಣೆ ಬೇಕಾಗಿಲ್ಲ. ಕ್ರಿಯಾಪದದ ಬಾಲ ಸಾಕು. ಬಂದ, ಬಂದಳು, ಬಂದರು, ಇವು ಮನುಷ್ಯರಿಗೆ. ಬಂತು ಅನ್ನೋದು ದನಕ್ಕೆ, ಬಸ್ಸಿಗೆ, ಮಳೆಗೆ. ಸಂತೆಯಲ್ಲೋ ಸಿಗ್ನಲ್ಲಿನಲ್ಲೋ ಸೀರೆ ಉಟ್ಟ ಹಿಜ್ರಾ ಒಬ್ಬರು ಎದುರಾದರೆ ಬಾಯಲ್ಲಿ ಬರೋದೇನು? ‘ಅದು ಬಂತು ನೋಡ್ರೋ.’ ಹಾಸ್ಟೆಲ್ಲಿನ ಕಿಟಕಿಯಿಂದಲೂ ಇದೇ ಮಾತು ಕೇಳಿಸುತ್ತದೆ.

ನಮ್ಮ ಅಪ್ಪಂದಿರನ್ನು ಮೀಸೆ ಮೂಡದ ಹುಡುಗರು ‘ಲೇ, ಬಾರ್ಲಾ’ ಅಂತ ಕರೆದದ್ದನ್ನು ನಾವು ಮರೆತಿಲ್ಲ. ಆ ಏಕವಚನದೊಳಗೆ ಎಷ್ಟು ತಲೆಮಾರಿನ ಜೀತ ಕೂತಿತ್ತು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಷ್ಟು ಬಲ್ಲ ನಾವೇ ಇನ್ನೊಬ್ಬರನ್ನು ‘ಅದು’ ಅಂದರೆ, ನಾವು ಕಲಿತದ್ದೇನು?

ಇನ್ನೊಂದು ಮಗ್ಗುಲು ನೋಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ, ಸರ್ಕಾರಿ ಬಸ್ಸಿನ ಉಚಿತ ಪ್ರಯಾಣ ಹೆಂಗಸರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಸಿಕ್ಕಿತು. ಕಂಡಕ್ಟರ್ ಮೇಲೆ ಕೆಳಗೆ ನೋಡದೆ, ಹಲ್ಲು ಕಿರಿಯದೆ, ‘ಎಲ್ಲಿಗಮ್ಮಾ?’ ಎಂದು ಕೇಳಿ ಸೊನ್ನೆ ಟಿಕೆಟ್ ಕೊಟ್ಟರೆ ಆಕೆಗೆ ಉಳಿಯೋದು ಬರೀ ಬಸ್ ಚಾರ್ಜಲ್ಲ. ಹೂ ಮಾರುವಾಕೆ ಮೊಳ ಅಳೆದು ‘ಮುಡ್ಕೊಳವ್ವ’ ಅನ್ನುತ್ತಾಳೆ. ಪಕ್ಕದ ಸೀಟಿನ ಅಜ್ಜಿ ಸರಿದು ‘ಕೂತ್ಕೊ ಮಗಳೇ’ ಅನ್ನುತ್ತಾಳೆ. ಶಾಲೆಯಲ್ಲಿ ಹುಡುಗಿಯೆಂದು ಬರೆಸಿಕೊಂಡು ಈಗ ಗಂಡಾಗಿ ಬಾಳುತ್ತಿರುವವನಿಗೆ ಕ್ಷೌರದಂಗಡಿಯವನು ‘ಗಡ್ಡನೂ ಮಾಡ್ಲಾ ಅಣ್ಣ?’ ಅನ್ನುತ್ತಾನೆ. ಅಷ್ಟೇ. ಯಾರೂ ಭಾಷಣ ಬಿಗಿಯಲಿಲ್ಲ. ಇವರೆಲ್ಲ ಗುರುತಿಲ್ಲದವರು, ಯಾವ ಮುಲಾಜೂ ಇಲ್ಲದವರು. ಅದಕ್ಕೇ ಆ ಮಾತಿಗೆ ತೂಕ. ಮನೆಯವರೇ ಹೊರಗೆ ಹಾಕಿದವರಿಗೆ ಬೀದಿಯವರು ಹೇಳಿದ ಸಾಕ್ಷಿ ಅದು.

‘ಇಷ್ಟು ಸಣ್ಣ ವಿಷಯಕ್ಕೆ ಸಂಪಾದಕೀಯವೇ?’ ಎಂದು ಕೇಳಬಹುದು. ಸಣ್ಣದಲ್ಲ. 1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಒಂದು ಭಾಗ ಕೆಲವು ಕುಲಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಮುದ್ರೆ ಒತ್ತಿತು. ಇನ್ನೊಂದು ಭಾಗ ಹಿಜ್ರಾಗಳ ಪಟ್ಟಿ ಮಾಡಿಸಿ, ಪಟ್ಟಿಯಲ್ಲಿದ್ದವರು ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ ಹಿಡಿಯಿರಿ ಎಂದಿತು. ಒಂದೇ ಕಾಗದ, ಒಂದೇ ಮಸಿ. ನಮ್ಮ ರಾಜ್ಯದಲ್ಲೂ 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ ಮತ್ತೆ ಅವರ ಪಟ್ಟಿ ಇಡಲು ಹೊರಟರು. ಅವರ ಸಂಘಟನೆ ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2016ರಲ್ಲಿ, ಆ ಕಲಮಿನಿಂದ ಅವರ ಹೆಸರು ತೆಗೆದರು.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ತಾನು ಗಂಡೋ ಹೆಣ್ಣೋ ಮೂರನೇ ಲಿಂಗವೋ ಎಂದು ಹೇಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ತೀರ್ಪು ಕೊಟ್ಟಿತು. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೇಮಕಾತಿಯಲ್ಲಿ ಶೇಕಡಾ 1ರ ಮೀಸಲಾತಿ ತಂದಿತು. ಅದು ಸಾಮಾನ್ಯ ವರ್ಗ, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಎಲ್ಲದರ ಒಳಗೂ. ಅಂದರೆ ನಮ್ಮ ಕೇರಿಯಲ್ಲೇ ಹುಟ್ಟಿ ಎರಡೂ ಕಡೆಯಿಂದ ಏಟು ತಿಂದವರಿದ್ದಾರೆ ಎಂದು ಸರ್ಕಾರದ ಕಾಗದವೇ ಒಪ್ಪಿತು. ನಾವು ಒಪ್ಪಿದ್ದೇವಾ?

ಕಾಗದ ತಾನಾಗಿ ಬಸ್ ಸ್ಟ್ಯಾಂಡಿಗೆ ನಡೆದು ಬರೋದಿಲ್ಲ. ಅಸ್ಪೃಶ್ಯತೆ ರದ್ದು ಎಂದು ಸಂವಿಧಾನ 1950ರಲ್ಲೇ ಸಾರಿತು. ಹೋಟೆಲಿನ ಬೇರೆ ಲೋಟ ಆಮೇಲೂ ಎಷ್ಟು ವರ್ಷ ಗೋಡೆಗೂಡಿನಲ್ಲಿ ಕೂತಿತ್ತು!

ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಅವರಿಗೆ ಎಲ್ಲರೂ ಕೈ ಮುಗಿದರು, ಸಂತೋಷ. ಆದರೆ ಪದಕವಿಲ್ಲದವರಿಗೆ, ಚಪ್ಪಾಳೆ ತಟ್ಟಿ ಕೈಯೊಡ್ಡುವವರಿಗೆ ಏನಂತೀರಿ? ನಮಗಿರುವ ಪರೀಕ್ಷೆ ಅದು.

ಒಂದು ಎಚ್ಚರಿಕೆ. ‘ಅಕ್ಕ’ ಅಂದು ಕೈ ತೊಳೆದುಕೊಳ್ಳಬೇಡಿ. ಕರುಣೆಯಿಂದಲೂ ಅನ್ನಬೇಡಿ. ಅಕ್ಕನಿಗೆ ಬಾಡಿಗೆ ಮನೆ ಎಲ್ಲಿ, ಕೆಲಸ ಎಲ್ಲಿ, ಹಾಸ್ಟೆಲ್ಲಿನಲ್ಲಿ ರೂಮು ಎಲ್ಲಿ ಎಂಬ ಪ್ರಶ್ನೆಗಳು ಅದರ ಹಿಂದೆಯೇ ಬರುತ್ತವೆ. ಅವನ್ನೂ ಹೊತ್ತುಕೊಳ್ಳಬೇಕು. ಹೇಗೆ ಕರೆಯಬೇಕೋ ತಿಳಿಯದಿದ್ದರೆ ಅವರನ್ನೇ ಕೇಳಿ. ‘ನೀವು’, ‘ಅವರು’ ಅನ್ನೋದಕ್ಕೆ ಕಾಸು ಖರ್ಚಿಲ್ಲ.

ಕೊನೆಯ ಮಾತು. ನಿಮ್ಮ ರೂಮಿನಲ್ಲೇ, ನಿಮ್ಮ ಚಾಪೆಯ ಪಕ್ಕದಲ್ಲೇ, ಹೇಳಲಾರದೆ ಒಳಗೊಳಗೇ ಬೇಯುತ್ತಿರುವ ಒಬ್ಬರು ಇರಬಹುದು. ಬೀದಿಯಲ್ಲಿ ಹೋಗುವವರನ್ನು ನೀವು ಏನೆಂದು ಕರೆಯುತ್ತೀರಿ ಎಂದು ಅವರು ಕಿವಿಗೊಟ್ಟು ಕೇಳುತ್ತಿರುತ್ತಾರೆ. ಬಾಯಿ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಅದನ್ನು ಕೇಳಿದ ಮೇಲೆಯೇ.